ಹಡಗು ನಿಂತ ಒಂದು ಹಗಲಿನಲ್ಲಿ ಕಡಲಿಗಿಳಿಯುವುದು

ಪ್ರಶ್ನೆ: ಡಿಸೆಂಬರಿನಲ್ಲಿ ನಾವು ಮೂವರು ಕೊಚ್ಚಿಯಿಂದ ಪ್ರವಾಸಿ ಹಡಗಿನಲ್ಲಿ ಲಕ್ಷದ್ವೀಪಕ್ಕೆ ಹೋಗುತ್ತಿದ್ದೇವೆ. ದ್ವೀಪದ ಬಳಿ ಹಡಗು ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ನಿಲ್ಲುತ್ತದೆ. ಆಗ ಸ್ಕೂಬಾ ಡೈವಿಂಗ್ ಮಾಡಲೇಬೇಕೆಂದು 12 ವರ್ಷದ ಮಗಳ ಹಟ. ಯಜಮಾನರು ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಸೂಳೆಕೆರೆಯನ್ನು ದಡದಲ್ಲಿ ನಿಂತು ನೋಡಿದ್ದು ಬಿಟ್ಟರೆ ನಮಗೆ ನೀರಿನ ಅಭ್ಯಾಸವಿಲ್ಲ. ಹೊರಗಿನ ಡೈವಿಂಗ್ ಕೇಂದ್ರದಲ್ಲಿ ದರ ಕಡಿಮೆಯಿದೆ; ಅಲ್ಲಿಯೇ ಕಾಯ್ದಿರಿಸಬಹುದೇ?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ಒಂಬತ್ತು ಗಂಟೆ ಎಂಬುದು ಕಾಗದದ ಮೇಲಿನ ಲೆಕ್ಕ. ದೊಡ್ಡ ಹಡಗುಗಳು ಲಗೂನಿನ (ದ್ವೀಪಕ್ಕೂ ಹವಳದ ದಿಬ್ಬಕ್ಕೂ ನಡುವಿನ ಆಳವಿಲ್ಲದ ನೀರಿನ) ಹೊರಗೇ ಲಂಗರು ಹಾಕುವುದರಿಂದ ದಡಕ್ಕೆ ಸಣ್ಣ ದೋಣಿಗಳಲ್ಲಿ ಸರದಿಯಂತೆ ಹೋಗಬೇಕು, ಸರದಿಯಂತೆಯೇ ಮರಳಬೇಕು. ಎಲ್ಲರೂ ಹಡಗಿನೊಳಗೆ ಇರಬೇಕಾದ ಗಡುವು ಹೊರಡುವ ಸಮಯಕ್ಕಿಂತ ಮೊದಲೇ ಇರುತ್ತದೆ. ಆದ್ದರಿಂದ ಆ ಗಡುವಿನಿಂದ ಹಿಂದಕ್ಕೆ ಎಣಿಸಿ, ಮಧ್ಯಾಹ್ನದೊಳಗೆ ಮುಗಿಯುವ ಡೈವ್ ಅನ್ನು ಮಾತ್ರ ಒಪ್ಪಿಕೊಳ್ಳಿ. ಹಡಗಿನವರೇ ಏರ್ಪಡಿಸಿದ ತಂಡ ತಡವಾದರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ, ಸ್ವಂತವಾಗಿ ಹೋದವರಿಗಾಗಿ ಕಾಯುವುದಿಲ್ಲ. ಮೊದಲ ಸಲ ಹೋಗುತ್ತಿರುವ ನಿಮಗೆ, ಹಣ ಹೆಚ್ಚಾದರೂ, ಹಡಗಿನ ಏರ್ಪಾಡೇ ಸರಿ ಎಂಬುದು ನನ್ನ ಅಭಿಪ್ರಾಯ.

ಮಗಳ ವಯಸ್ಸು ಅಡ್ಡಿಯಲ್ಲ. ಡೈವಿಂಗ್ ತರಬೇತಿಯ ಅಂತರರಾಷ್ಟ್ರೀಯ ಸಂಸ್ಥೆಯಾದ ಪಾಡಿಯ (PADI) ನಿಯಮದಂತೆ, ಹೊಸಬರಿಗಾಗಿ ಇರುವ ಪರಿಚಯದ ಡೈವ್‌ಗೆ ಕನಿಷ್ಠ 10 ವರ್ಷ ಸಾಕು. ಬೋಧಕರ ಜೊತೆಯಲ್ಲಿ ಗರಿಷ್ಠ 12 ಮೀಟರ್ ಆಳದವರೆಗೆ ಹೋಗಬಹುದು. ಯಜಮಾನರ ವಿಷಯ ಹಾಗಲ್ಲ. ಡೈವ್‌ಗೆ ಮೊದಲು ತುಂಬಿಸುವ ಆರೋಗ್ಯದ ನಮೂನೆಯಲ್ಲಿ ರಕ್ತದೊತ್ತಡ, ಆಸ್ತಮಾ, ಹೃದಯ ಮತ್ತು ಕಿವಿಯ ತೊಂದರೆಗಳ ಪ್ರಶ್ನೆಗಳಿರುತ್ತವೆ. ಹೌದು ಎಂದರೆ ವೈದ್ಯರ ಒಪ್ಪಿಗೆ ಪತ್ರ ಕೇಳುತ್ತಾರೆ. ದ್ವೀಪದ ದಡದಲ್ಲಿ ನಿಂತು ವೈದ್ಯರನ್ನು ಹುಡುಕಲಾಗದು, ಆದ್ದರಿಂದ ದಾವಣಗೆರೆಯಲ್ಲಿಯೇ ನಿಮ್ಮ ವೈದ್ಯರಿಂದ ಸಹಿ ಮಾಡಿಸಿಕೊಂಡು ಹೊರಡಿ. ಅವರು ಬೇಡವೆಂದರೆ ಬೇಡ. ನಮೂನೆಯಲ್ಲಿ ಮುಚ್ಚಿಟ್ಟು ನೀರಿಗಿಳಿಯುವ ಮಾತೇ ಬೇಡ.

ಈಜು ಬಾರದವರನ್ನೂ ಬೋಧಕರು ಹಿಡಿದುಕೊಂಡೇ ಕರೆದೊಯ್ಯುತ್ತಾರೆ. ಆದರೂ ಹೊರಡುವ ಮುನ್ನ ಊರಿನ ಈಜುಕೊಳದಲ್ಲಿ ನಾಲ್ಕಾರು ದಿನ ಮುಖ ಮುಳುಗಿಸಿ ಬಾಯಿಯಿಂದ ಉಸಿರು ಬಿಡುವುದನ್ನು ರೂಢಿಸಿಕೊಳ್ಳಿ. ಇಳಿಯುವಾಗ ಕಿವಿಯಲ್ಲಿ ಒತ್ತಡ ತೋರುತ್ತದೆ; ನೋವಾಗುವ ಮೊದಲೇ, ಪ್ರತಿ ಒಂದೆರಡು ಅಡಿಗೂ, ಮೂಗು ಹಿಡಿದು ಮೆಲ್ಲಗೆ ಊದಬೇಕು. ನೆಗಡಿಯಿದ್ದರೆ ಇದು ಆಗುವುದಿಲ್ಲ, ಅಂದು ಇಳಿಯಬಾರದು. ಮೇಲೆ ಬರುವಾಗ ಉಸಿರು ಹಿಡಿಯಲೇಬಾರದು, ಏಕೆಂದರೆ 10 ಮೀಟರ್ ಆಳದಲ್ಲಿ ಎಳೆದುಕೊಂಡ ಗಾಳಿ ಮೇಲ್ಮೈಗೆ ಬರುವ ಹೊತ್ತಿಗೆ ಎರಡರಷ್ಟು ಹಿಗ್ಗಿ ಶ್ವಾಸಕೋಶಕ್ಕೆ ಹಾನಿ ಮಾಡಬಲ್ಲದು. ಮಾಸ್ಕ್ ಅನ್ನು ಪಟ್ಟಿ ಹಾಕದೆ ಮುಖಕ್ಕಿಟ್ಟು ಮೂಗಿನಿಂದ ಉಸಿರೆಳೆದು ನೋಡಿ: ಬೀಳದೆ ಅಂಟಿಕೊಂಡರೆ ಅಳತೆ ಸರಿ. ಯಜಮಾನರಿಗೆ ದಪ್ಪ ಮೀಸೆಯಿದ್ದರೆ ಅಲ್ಲಿಂದ ನೀರು ಜಿನುಗುತ್ತದೆ; ಮೀಸೆಯನ್ನು ತುಸು ಕತ್ತರಿಸುವಂತೆ ಹೇಳುವ ಕೆಲಸ ನಿಮ್ಮದು.

ಕೊಚ್ಚಿಯಿಂದ ವಿಮಾನದಲ್ಲಿ ಮರಳುವುದಾದರೆ, ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಹೆಚ್ಚು ಮಾಡಿದ್ದರೆ 18 ಗಂಟೆ, ಕೊನೆಯ ಡೈವ್ ಮುಗಿದ ಮೇಲೆ ಕಳೆದಿರಬೇಕು. ಟಿಕೆಟ್ ತೆಗೆಯುವಾಗಲೇ ಇದನ್ನು ನೋಡಿಕೊಳ್ಳಿ. ಅಂದು ಗಾಳಿ ಎದ್ದು ಡೈವ್ ರದ್ದಾದರೆ ಮಗಳಿಗೆ ಬೇಸರವಾದೀತು. ಹಾಗಾದರೆ ಮಳೆಗಾಲಕ್ಕೆ ಮೊದಲು ಒಂದು ವಾರಾಂತ್ಯ ಮುರುಡೇಶ್ವರಕ್ಕೆ ಹೋಗಿ ಅಲ್ಲಿನ ಕಡಲಿನ ನೇತ್ರಾಣಿ ದ್ವೀಪದ ಬಳಿ ಇಳಿಯಬಹುದು. ಅಲ್ಲಿ ಹಡಗಿನ ಗಡುವಿನ ಚಿಂತೆಯೂ ಇರುವುದಿಲ್ಲ.