ಹನ್ನೆರಡು ಫ್ರೇಮು, ಇಪ್ಪತ್ತಾರು ಮುಖ

ಪ್ರಶ್ನೆ: ಅಪ್ಪ ಬಳಸುತ್ತಿದ್ದ ಯಾಶಿಕಾ ಮ್ಯಾಟ್-124ಜಿ ಕ್ಯಾಮೆರಾ ಇಪ್ಪತ್ತು ವರ್ಷಗಳಿಂದ ಪೆಟ್ಟಿಗೆಯಲ್ಲೇ ಇದೆ. ಈ ಬಾರಿ ಚೌತಿಗೆ ನಮ್ಮ ಕುಟುಂಬದ ಇಪ್ಪತ್ತಾರು ಮಂದಿ ಮೂಲಮನೆಯಲ್ಲಿ ಸೇರುತ್ತಿದ್ದೇವೆ. ಅದೇ ಕ್ಯಾಮೆರಾದಲ್ಲಿ ಎಲ್ಲರ ಗ್ರೂಪ್ ಫೋಟೊ ತೆಗೆಯಬೇಕೆಂಬುದು ಅಜ್ಜಿಯ ಆಸೆ. ಫಿಲ್ಮ್‌ನಲ್ಲಿ ನನಗೆ ಅನುಭವವಿಲ್ಲ. ಹೇಗೆ ಸಿದ್ಧವಾಗಲಿ?
— ಓದುಗರು, ಶಿರಸಿ

ಉತ್ತರ: ಅಜ್ಜಿಯ ಆಸೆ ಖಂಡಿತ ನೆರವೇರಲಿ, ಆದರೆ ಮೊದಲ ರೋಲನ್ನು ಚೌತಿಯ ದಿನವೇ ಹಾಕಬೇಡಿ. ಇಪ್ಪತ್ತು ಮಳೆಗಾಲಗಳನ್ನು ಪೆಟ್ಟಿಗೆಯೊಳಗೆ ಕಳೆದ ಲೆನ್ಸಿಗೆ ಬೂಷ್ಟು ಹಿಡಿದಿರುವ ಸಂಭವ ಹೆಚ್ಚು. ಹಿಂಬದಿಯ ಮುಚ್ಚಳ ತೆರೆದು, ಶಟರನ್ನು ‘ಬಿ’ಗೆ (ಗುಂಡಿ ಒತ್ತಿರುವಷ್ಟು ಹೊತ್ತು ತೆರೆದೇ ಇರುವ ಸ್ಥಿತಿಗೆ) ಇಟ್ಟು, ಗುಂಡಿಯನ್ನು ಒತ್ತಿ ಹಿಡಿದು, ಮುಂದಿನಿಂದ ಟಾರ್ಚ್ ಬಿಟ್ಟು ನೋಡಿ. ಗಾಜಿನ ಅಂಚಿನಲ್ಲಿ ಜೇಡರ ಬಲೆಯಂಥ ಬಿಳಿ ಎಳೆಗಳು ಕಂಡರೆ ಅದು ಬೂಷ್ಟೇ. ಆಮೇಲೆ ಶಟರನ್ನು ಒಂದು ಸೆಕೆಂಡಿಗೆ ಇಟ್ಟು ಒತ್ತಿ. ಅದು ಮುಚ್ಚಿಕೊಳ್ಳದೆ ತೆರೆದೇ ನಿಂತರೆ ಒಳಗಿನ ಎಣ್ಣೆ ಗಟ್ಟಿಯಾಗಿದೆ ಎಂದು ತಿಳಿದು, ಹಳೆಯ ಕ್ಯಾಮೆರಾಗಳ ರಿಪೇರಿ ಬಲ್ಲವರಿಗೆ ಕೊಡಿ. ಒಳಗಿರುವ ಲೈಟ್ ಮೀಟರನ್ನು 1.35 ವೋಲ್ಟಿನ ಪಾದರಸದ ಬ್ಯಾಟರಿಗೆಂದು ಮಾಡಲಾಗಿತ್ತು. 1.5 ವೋಲ್ಟಿನ ಬ್ಯಾಟರಿ ಹಾಕಿದರೆ ಅದರ ಅಳತೆ ತಪ್ಪುವುದರಿಂದ ಮೊಬೈಲಿನ ಮೀಟರ್ ಆ್ಯಪ್ ಬಳಸುವುದೇ ಲೇಸು. ಇಷ್ಟಾದ ಮೇಲೆ ಒಂದು ರೋಲನ್ನು ಪರೀಕ್ಷೆಗೆಂದೇ ಖರ್ಚು ಮಾಡಿ, ತೊಳೆಸಿ ನೋಡಿ.

120 ಅಳತೆಯ ರೋಲಿನಲ್ಲಿ ಈ ಕ್ಯಾಮೆರಾ ಹನ್ನೆರಡು ಚೌಕ ಚಿತ್ರಗಳನ್ನು ಕೊಡುತ್ತದೆ. ರೋಲಿನ ಕಾಗದದ ಮೇಲಿರುವ ಬಾಣದ ಗುರುತು ಕ್ಯಾಮೆರಾದ ಒಳಗಿನ ಗುರುತಿಗೆ ಸರಿಯಾಗಿ ಕೂಡುವವರೆಗೆ ಸುತ್ತಿ, ಅನಂತರವೇ ಮುಚ್ಚಳ ಹಾಕಬೇಕು. ರೋಲ್ ಬದಲಾಯಿಸುವುದನ್ನು ನೆರಳಿನಲ್ಲೇ ಮಾಡಿ. ನಮ್ಮ ದೊಡ್ಡಪ್ಪನ ಮನೆಯ ಒಂದು ಮದುವೆಯಲ್ಲಿ ಅವಸರಪಟ್ಟು ಅಂಗಳದ ಬಿಸಿಲಿನಲ್ಲೇ ರೋಲ್ ತೆಗೆದೆ. ಸಡಿಲವಾಗಿ ಸುತ್ತಿದ್ದ ಕಾಗದದ ಅಂಚಿನಿಂದ ಬೆಳಕು ನುಗ್ಗಿ, ಸಾಲಿನ ಕೊನೆಯಲ್ಲಿ ನಿಂತಿದ್ದ ಸೋದರತ್ತೆಯ ಮುಖವನ್ನೇ ನುಂಗಿತ್ತು. ಅತ್ತೆ ಈಗಿಲ್ಲ. ಆ ನೆಗೆಟಿವನ್ನು ಇಂದಿಗೂ ಎಸೆಯಲಾಗಿಲ್ಲ.

ಇನ್ನು ಜನರನ್ನು ನಿಲ್ಲಿಸುವ ವಿಚಾರ. ಹಿರಿಯರು ಎಂಟು ಮಂದಿ ನಡುವೆ ಕುರ್ಚಿಗಳಲ್ಲಿ, ಹತ್ತು ಮಂದಿ ಹಿಂದೆ ನಿಂತು, ಮಕ್ಕಳು ಮುಂದೆ ಚಾಪೆಯ ಮೇಲೆ ಕುಳಿತರೆ ಸಾಲಿನ ಅಗಲ ಸುಮಾರು ನಾಲ್ಕೂವರೆ ಮೀಟರ್ ಆಗುತ್ತದೆ. 80 ಮಿ.ಮೀ. ಲೆನ್ಸಿನಲ್ಲಿ ಅಷ್ಟು ಅಗಲ ಹಿಡಿಸಬೇಕಾದರೆ ನೀವು ಏಳು ಮೀಟರ್ ಹಿಂದಕ್ಕೆ ಸರಿಯಬೇಕು. ಅಂಗಳದಲ್ಲಿ ಅಷ್ಟು ಜಾಗವಿದೆಯೇ ಎಂದು ಹಿಂದಿನ ದಿನವೇ ಹೆಜ್ಜೆ ಹಾಕಿ ನೋಡಿಕೊಳ್ಳಿ. ಚೌಕಟ್ಟು ಚೌಕವಾಗಿರುವುದರಿಂದ ತಲೆಗಳ ಮೇಲೆ ಬಹಳಷ್ಟು ಜಾಗ ಉಳಿಯುತ್ತದೆ. ಅದನ್ನು ನಷ್ಟವೆಂದು ಎಣಿಸಬೇಡಿ. ಹೆಂಚಿನ ಮಾಡು, ಜಗಲಿಯ ಕಂಬ, ಬಾಗಿಲ ತೋರಣ ಎಲ್ಲವೂ ಅಲ್ಲಿ ಬರಲಿ, ಏಕೆಂದರೆ ಮೂಲಮನೆಯೂ ನಿಮ್ಮ ಕುಟುಂಬದ ಒಬ್ಬ ಸದಸ್ಯನೇ. ಲೆನ್ಸಿನ ಬೆಳಕಿನ ಕಿಂಡಿಯನ್ನು ಎಫ್/8ಕ್ಕೆ ಇಟ್ಟು ನಡುಸಾಲಿನ ಕಣ್ಣುಗಳಿಗೆ ಫೋಕಸ್ ಮಾಡಿದರೆ ಸುಮಾರು ಐದು ಮೀಟರಿನಿಂದ ಹನ್ನೆರಡು ಮೀಟರಿನವರೆಗೆ ಸ್ಪಷ್ಟವಾಗಿ ಮೂಡುತ್ತದೆ. ಹನ್ನೆರಡು ಅಂಗುಲದ ಪ್ರಿಂಟಿನಲ್ಲಿ ಒಂದೊಂದು ಮುಖವೂ ಒಂಬತ್ತು ಮಿಲಿಮೀಟರಿನಷ್ಟು ಅಗಲ ಬರುತ್ತದೆ; ಅಜ್ಜಿ ಕನ್ನಡಕ ಹಾಕಿಕೊಂಡು ಎಲ್ಲರನ್ನೂ ಗುರುತಿಸಲು ಅಷ್ಟು ಸಾಕು.

ಚೌತಿಯ ಹೊತ್ತಿನ ಮೋಡದ ಬೆಳಕು ಮುಖಗಳಿಗೆ ಬಹಳ ಹಿತವಾದದ್ದು. 400 ಐಎಸ್‌ಒ (ಬೆಳಕಿಗೆ ಬೇಗ ಸ್ಪಂದಿಸುವ) ಫಿಲ್ಮ್ ಹಾಕಿದರೆ ಮಳೆ ಬಿಟ್ಟ ವೇಳೆಯಲ್ಲಿ ಎಫ್/8, 1/125 ಸೆಕೆಂಡ್ ಸಾಮಾನ್ಯವಾಗಿ ಸಿಗುತ್ತದೆ. ಬಿಳಿ ಪಂಚೆಗಳು ಮೀಟರನ್ನು ದಾರಿ ತಪ್ಪಿಸುವುದರಿಂದ ನಿಮ್ಮ ಅಂಗೈಯನ್ನು ಅದೇ ಬೆಳಕಿಗೆ ಒಡ್ಡಿ ಅಳೆದು, ಬಂದ ಅಳತೆಗಿಂತ ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡರಷ್ಟು ಬೆಳಕು ಕೊಡಿ. ಕ್ಯಾಮೆರಾದ ಮೇಲಿನಿಂದ ನೋಡುವ ಗಾಜಿನ ತೆರೆಯಲ್ಲಿ ಎಡಬಲ ಅದಲುಬದಲಾಗಿ ಕಾಣುತ್ತದೆ. ಆದ್ದರಿಂದ ‘ಬಲಕ್ಕೆ ಸರಿಯಿರಿ’ ಎನ್ನದೆ, ‘ಚಿಕ್ಕಪ್ಪ, ಸ್ವಲ್ಪ ಅಜ್ಜಿಯ ಕಡೆ ಬನ್ನಿ’ ಎಂದು ಕರೆದು ಹೇಳಿ. ಇಪ್ಪತ್ತಾರು ಮಂದಿಯಲ್ಲಿ ಯಾರಾದರೊಬ್ಬರು ಕಣ್ಣು ಮುಚ್ಚಿಯೇ ಮುಚ್ಚುತ್ತಾರಾದ್ದರಿಂದ ಗ್ರೂಪಿಗೆಂದು ಐದು ಫ್ರೇಮುಗಳನ್ನಾದರೂ ಮೀಸಲಿಡಿ. ಉಳಿದವುಗಳಲ್ಲಿ ಒಂದನ್ನು, ದಯವಿಟ್ಟು, ಅಜ್ಜಿಯೊಬ್ಬರಿಗೇ ಕೊಡಿ.

ಪ್ರಶ್ನೆ: ನಮ್ಮ ಓಣಿಯ ಖಣ ನೇಯುವವರ ಭಾವಚಿತ್ರಗಳನ್ನು ದೊಡ್ಡ ನೆಗೆಟಿವ್ ಕೊಡುವ ಮೀಡಿಯಂ ಫಾರ್ಮ್ಯಾಟ್‌ನಲ್ಲಿ ತೆಗೆಯುತ್ತಿದ್ದೇನೆ. ಕ್ಯಾಮೆರಾ ಕಂಡೊಡನೆ ಎಲ್ಲರೂ ಸೆಟೆದು ನಿಲ್ಲುತ್ತಾರೆ. ಮಗ್ಗದ ಕೋಣೆಯಲ್ಲಿ ಬೆಳಕೂ ಕಡಿಮೆ.
— ಓದುಗರು, ಗುಳೇದಗುಡ್ಡ

ಉತ್ತರ: ಸೆಟೆದು ನಿಲ್ಲುವುದನ್ನು ನಾನು ದೋಷವೆಂದು ಭಾವಿಸುವುದಿಲ್ಲ, ತಾನು ಹೇಗೆ ಕಾಣಬೇಕೆಂದು ಮನುಷ್ಯ ಆರಿಸಿಕೊಳ್ಳುವ ಘನತೆ ಅದರಲ್ಲಿದೆ. ಅಮೆರಿಕದ ಬಫಲೊ ನಗರದಲ್ಲಿ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವ ವೃತ್ತಿಯಲ್ಲಿದ್ದ ಮಿಲ್ಟನ್ ರೊಗೊವಿನ್ (1909–2011) ಅವರು 1972ರಿಂದ ಲೋವರ್ ವೆಸ್ಟ್ ಸೈಡ್ ಎಂಬ ಬಡವರ ಬಡಾವಣೆಯ ಜನರನ್ನು ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾ ರೋಲಿಫ್ಲೆಕ್ಸ್‌ನಲ್ಲಿ ಚಿತ್ರಿಸಿದರು. ಹೇಗೆ ನಿಲ್ಲಬೇಕೆಂಬುದನ್ನು ಅವರು ಜನರಿಗೇ ಬಿಡುತ್ತಿದ್ದರು, ತೆಗೆದ ಚಿತ್ರದ ಪ್ರಿಂಟನ್ನು ತಾವೇ ತಂದು ಕೊಡುತ್ತಿದ್ದರು. 1980ರ ಮತ್ತು 1990ರ ದಶಕಗಳಲ್ಲಿ ಅದೇ ಜನರನ್ನು ಹುಡುಕಿಕೊಂಡು ಹೋಗಿ ಮತ್ತೆ ಚಿತ್ರ ತೆಗೆಯಲು ಅವರಿಗೆ ಸಾಧ್ಯವಾದದ್ದರಲ್ಲಿ ಆ ಪ್ರಿಂಟುಗಳ ಪಾಲು ದೊಡ್ಡದೆಂದು ನನ್ನ ನಂಬಿಕೆ. ನೀವೂ ಮೊದಲ ರೋಲಿನ ಪ್ರಿಂಟುಗಳನ್ನು ಮನೆಮನೆಗೆ ಮುಟ್ಟಿಸದೆ ಎರಡನೆಯ ರೋಲನ್ನು ಆರಂಭಿಸಬೇಡಿ.

ಎದೆಮಟ್ಟದಲ್ಲಿ ಹಿಡಿದು ಮೇಲಿನಿಂದ ನೋಡುವ ಕ್ಯಾಮೆರಾ ನಿಮ್ಮದಾಗಿದ್ದರೆ ಇನ್ನೂ ಒಂದು ಅನುಕೂಲವಿದೆ. ತಲೆ ಬಾಗಿಸಿ ಫೋಕಸ್ ಮಾಡಿದ ಮೇಲೆ ಮುಖವೆತ್ತಿ, ನೇಕಾರರ ಕಣ್ಣಲ್ಲಿ ಕಣ್ಣಿಟ್ಟು ಇವತ್ತು ಎಷ್ಟು ಮೊಳ ಆಯಿತೆಂದು ವಿಚಾರಿಸಿ. ಅವರು ಉತ್ತರ ಹೇಳಿ ಮುಗಿಸಿ ಸುಮ್ಮನಾಗುವ ಗಳಿಗೆಯಲ್ಲಿ ಗುಂಡಿ ಒತ್ತಿ.

ಮಗ್ಗದ ಕೋಣೆಯಲ್ಲಿ ಫಿಲ್ಮನ್ನು 1600ಕ್ಕೆ ಪುಶ್ ಮಾಡುವುದಕ್ಕಿಂತ (ಅಂದರೆ 1600 ಐಎಸ್‌ಒ ಎಂದೇ ಎಣಿಸಿ ಕಡಿಮೆ ಬೆಳಕಿನಲ್ಲಿ ತೆಗೆದು, ಹೆಚ್ಚು ಹೊತ್ತು ತೊಳೆಸುವುದಕ್ಕಿಂತ) ಟ್ರೈಪಾಡ್ ಬಳಸುವುದನ್ನು ನಾನು ಮೆಚ್ಚುತ್ತೇನೆ, ಏಕೆಂದರೆ ಪುಶ್ ಮಾಡಿದಾಗ ನೆರಳಿನ ಭಾಗದ ವಿವರಗಳು ಕಳೆದುಹೋಗುತ್ತವೆ. ಬೆಳಕಿಂಡಿ ಅಥವಾ ಬಾಗಿಲಿನ ಕಡೆಗೆ ಮುಖ ಬರುವಂತೆ ಕೂರಿಸಿ, ಲಾಳಿ ನಿಲ್ಲಿಸಲು ಹೇಳಿ, 1/15 ಸೆಕೆಂಡಿನಲ್ಲಿ ಕೇಬಲ್ ರಿಲೀಸಿನಿಂದ (ಕ್ಯಾಮೆರಾ ಅಲುಗದಂತೆ ಗುಂಡಿ ಒತ್ತುವ ತಂತಿಯಿಂದ) ತೆಗೆಯಿರಿ. ಕಪ್ಪು-ಬಿಳುಪು ನನಗೆ ಪ್ರಿಯವಾದರೂ ಖಣದ ಬಣ್ಣವನ್ನು ಕೈಬಿಡುವುದು ನೇಯ್ದವರಿಗೆ ಮಾಡುವ ಅನ್ಯಾಯವಾದೀತು. ದುಬಾರಿಯಾದರೂ ಮನೆಗೊಂದು ಚಿತ್ರವಾದರೂ ಪೋರ್ಟ್ರಾ 400ರಂಥ ಬಣ್ಣದ ಫಿಲ್ಮಿನಲ್ಲಿರಲಿ.

ಪ್ರಶ್ನೆ: ಊರಿಗೆ ಬರುವಾಗ ಇಲ್ಲಿಂದ ಫಿಲ್ಮ್ ತರಬಹುದೇ?
— ಓದುಗರು, ದುಬೈ

ಉತ್ತರ: ತರಬಹುದು, ಆದರೆ ಚೆಕ್-ಇನ್ ಲಗೇಜಿನಲ್ಲಿ ಎಂದಿಗೂ ಇಡಬೇಡಿ. ಕೈಚೀಲದಲ್ಲಿ, ಪಾರದರ್ಶಕ ಪೊಟ್ಟಣದಲ್ಲಿಟ್ಟು ಕೈಯಿಂದಲೇ ಪರೀಕ್ಷಿಸುವಂತೆ ಭದ್ರತಾ ಸಿಬ್ಬಂದಿಯನ್ನು ವಿನಂತಿಸಿ. ಹೊಸ ಸಿಟಿ ಸ್ಕ್ಯಾನರುಗಳಲ್ಲಿ ಹಾದುಹೋದ ಫಿಲ್ಮಿಗೆ ಮಂಜು ಕವಿಯುತ್ತದೆ. ಸಿಬ್ಬಂದಿ ಕೈಪರೀಕ್ಷೆಗೆ ಒಪ್ಪದಿರಬಹುದಾದ್ದರಿಂದ, ಬೆಂಗಳೂರಿನಲ್ಲಿಯೇ ಫಿಲ್ಮ್ ಕೊಂಡು, ಮರಳುವ ಮೊದಲು ಇಲ್ಲಿಯೇ ತೊಳೆಸಿ, ನೆಗೆಟಿವುಗಳನ್ನು ಒಯ್ಯುವುದು ಉತ್ತಮ. ತೊಳೆದ ನೆಗೆಟಿವಿಗೆ ಎಕ್ಸ್‌ರೇಯಿಂದ ಯಾವ ತೊಂದರೆಯೂ ಇಲ್ಲ.