ಮಗುವಿನ ಇಸುಬಿಗೆ ಮೂಲ ಕಾರಣ ಏನು? ಯಾವುದನ್ನು ಬಿಡಿಸಿದರೆ ಹೋಗುತ್ತೆ?

ನಿಮ್ಮ ಮಗಳಿಗೆ 4 ವರ್ಷ, ಮೊಣಕೈ ಮಡಿಕೆಯಲ್ಲೂ ಮಂಡಿಯ ಹಿಂದೆಯೂ ಇಸುಬು, ಮುಲಾಮು ಹಚ್ಚಿದರೆ ಹೋಗುತ್ತೆ, ಬಿಟ್ಟರೆ ಬರುತ್ತೆ, ಮನೆಯಲ್ಲಿ ರಕ್ತ ಕೆಟ್ಟಿದೆ ಅನ್ನುತ್ತಾರೆ ಎಂದು ಬರೆದಿದ್ದೀರಿ. ಓದುತ್ತಿದ್ದಂತೆ ನನ್ನ ಮನೆಯ ಕಥೆಯನ್ನೇ ಯಾರೋ ಹೇಳಿದ ಹಾಗಾಯಿತು.

ನಾನು ಡಾಕ್ಟರಲ್ಲ. ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ ರೇಷ್ಮೆ ಬೆಳೆಯುವ ಮನೆಯ ಸೊಸೆ. ಮಗನಿಗೆ ಈಗ 13. ಅವನು 6 ತಿಂಗಳ ಕೂಸಾಗಿದ್ದಾಗ ಕೆನ್ನೆಯ ಮೇಲೆ ಶುರುವಾದ ಇಸುಬು, ನಡೆಯಲು ಕಲಿತ ಮೇಲೆ ಕೈಕಾಲಿನ ಮಡಿಕೆಗಳಿಗೆ ಇಳಿಯಿತು. ಇಷ್ಟು ವರ್ಷ ಚರ್ಮದ ಡಾಕ್ಟರನ್ನು ಕೇಳಿ ಕೇಳಿ ತಿಳಿದದ್ದನ್ನು ಹೇಳುತ್ತೇನೆ.

ಮೊದಲನೆಯದು, ರಕ್ತ ಕೆಟ್ಟಿಲ್ಲ. ತೊಂದರೆ ಇರುವುದು ಚರ್ಮದ ಮೇಲ್ಪದರದಲ್ಲಿ. ಸರಿಯಾಗಿ ಬೇಯದ ಮಡಕೆ ಹೇಗೆ ಒಸರುತ್ತೋ ಹಾಗೆ ಈ ಮಕ್ಕಳ ಚರ್ಮದಿಂದ ಒಳಗಿನ ತೇವ ಸದಾ ಹೊರಗೆ ಹೋಗುತ್ತಿರುತ್ತೆ, ಹೊರಗಿನ ಧೂಳು, ಸೋಪು, ರೋಗಾಣು ಒಳಗೆ ಇಳಿಯುತ್ತವೆ. ಒಳಗೆ ಇಳಿದದ್ದನ್ನು ಕಂಡು ಮೈಯ ಕಾವಲು ಶಕ್ತಿ ಬೇಕಾದ್ದಕ್ಕಿಂತ ಹೆಚ್ಚು ರೇಗುತ್ತೆ. ಆ ರೇಗಾಟವೇ ಕೆಂಪು, ನವೆ. ಕೆರೆದರೆ ಪದರ ಇನ್ನಷ್ಟು ಕೀಳುತ್ತೆ, ಕಿತ್ತಷ್ಟೂ ನವೆ. ಚರ್ಮವನ್ನು ಗಟ್ಟಿಯಾಗಿ ಹಿಡಿದಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್‌ನಲ್ಲಿ ದೋಷವಿದ್ದವರಿಗೆ ಇಸುಬು ಬರುವ ಸಂಭವ ಹೆಚ್ಚು ಎಂದು 2006ರಲ್ಲಿ ಗೊತ್ತಾಯಿತು. ಎಲ್ಲರಿಗೂ ಈ ದೋಷವೇ ಇರುತ್ತೆ ಅಂತಲ್ಲ. ಮನೆತನದಲ್ಲಿ ಉಬ್ಬಸ, ಬೆಳಗಾದರೆ ಸೀನು ಇರುವವರಿದ್ದರೆ ಮಗುವಿಗೆ ಇಸುಬು ಬರುವುದು ಸಾಮಾನ್ಯ. ನಮ್ಮ ಯಜಮಾನರಿಗೆ ಚಿಕ್ಕಂದಿನಿಂದ ಉಬ್ಬಸ.

ಹಾಗಾಗಿ ನೀವು ಕೇಳಿದ ಮೂಲ ಕಾರಣ ಹುಟ್ಟಿನಿಂದಲೇ ಬಂದದ್ದು, ಅದನ್ನು ಅಡುಗೆಮನೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಹುಡುಕಬೇಕಾದದ್ದು ಕೆರಳಿಸುವ ಸಂಗತಿಗಳನ್ನು. ಇವೆರಡನ್ನು ಬೇರೆ ಮಾಡಿ ನೋಡುವುದು ಗೊತ್ತಿಲ್ಲದೆ ನಾನು ಎಷ್ಟೋ ವರ್ಷ ಕಳೆದೆ.

ಅವರೆಕಾಯಿಯ ವಿಷಯವನ್ನೇ ತೆಗೆದುಕೊಳ್ಳಿ. ನಮ್ಮ ಕಡೆ ಮಾಗಿ ಚಳಿ ಬಂತೆಂದರೆ ಸೊಗಡಿನ ಅವರೆ ಸಂತೆಗೆ ಬರುತ್ತೆ, ಸರಿಯಾಗಿ ಅದೇ ಹೊತ್ತಿಗೆ ಮಗನ ಮೈ ಕೆರಳುತ್ತಿತ್ತು. ಅವರೆ ನಂಜು, ಕೊಡಬೇಡ ಅಂದರು ಅತ್ತೆ. ನಾನೂ ನಂಬಿದೆ, ಕಣ್ಣೆದುರೇ ಕಾಣುತ್ತಿತ್ತಲ್ಲ. ಜೊತೆಗೆ ಬದನೆಕಾಯಿ, ಕುಂಬಳಕಾಯಿ, ಕಡಲೆಕಾಯಿಯೂ ಹೋಯಿತು. ಮನೆಮಂದಿಯೆಲ್ಲ ಹಿತಕಿದಬೇಳೆ ಸಾರಿನಲ್ಲಿ ಮುದ್ದೆ ಉಣ್ಣುವಾಗ ಅವನ ತಟ್ಟೆಗೆ ಮೊಸರನ್ನ. ಎರಡು ವರ್ಷ ಹೀಗೆ ನಡೆಸಿದೆವು. ಆ ಎರಡೂ ಡಿಸೆಂಬರಿನಲ್ಲಿ ಮೈ ಮೊದಲಿನಷ್ಟೇ ಕೆರಳಿತು. ಮಗು ಮಾತ್ರ ಸೊರಗಿತು.

ಆಮೇಲೆ ಡಾಕ್ಟರಮ್ಮ ಒಂದು ಕೆಲಸ ಹಚ್ಚಿದರು. ದಿನಾ ಬರೆದಿಡಿ ಅಂದರು: ನವೆ ಎಷ್ಟಿತ್ತು, ರಾತ್ರಿ ಎಷ್ಟು ಸಲ ಎದ್ದ, ಹವೆ ಹೇಗಿತ್ತು, ಮೈಗೆ ಏನು ತಾಗಿತು, ಏನು ತಿಂದ. ರೇಷ್ಮೆ ಬೆಳೆಯ ಲೆಕ್ಕದ ಪುಸ್ತಕದಲ್ಲೇ ಹಿಂದಿನ ಹಾಳೆಗಳಿಂದ ಬರೆಯತೊಡಗಿದೆ. ಮೂರು ತಿಂಗಳಿಗೆ ಚಿತ್ರ ತಿಳಿಯಾಯಿತು. ಮಾಗಿಯಲ್ಲಿ ಕೆರಳಿಸುತ್ತಿದ್ದದ್ದು ಅವರೆಯ ಜೊತೆಜೊತೆಗೇ ಬರುವ ಒಣ ಚಳಿ. ಚಳಿಯೆಂದು ಹಂಡೆಯಿಂದ ಸುಡುಸುಡು ನೀರು ತೋಡಿ ಅರ್ಧ ಗಂಟೆ ಸ್ನಾನ ಮಾಡಿಸುತ್ತಿದ್ದೆವು, ಆಮೇಲೆ ಸಾಂಬ್ರಾಣಿ ಹೊಗೆ, ಬರಿಮೈಗೆ ಕುರಿ ಉಣ್ಣೆಯ ಕಂಬಳಿ. ಪ್ರೀತಿಯಿಂದ ಮಾಡಿದ ಈ ನಾಲ್ಕೂ ಆ ಚರ್ಮಕ್ಕೆ ಆಗದವು.

ಇನ್ನೊಂದು ನಾನು ಊಹಿಸಿಯೇ ಇರಲಿಲ್ಲ. ಒಂದು ಬೆಳೆ ಮುಗಿದು ಹುಳು ಸಾಕುವ ಮನೆಯನ್ನು ಬ್ಲೀಚಿಂಗ್ ಪುಡಿ, ಸುಣ್ಣ ಹಾಕಿ ತೊಳೆಯುತ್ತೇವಲ್ಲ, ಅದಾದ ಒಂದೆರಡು ದಿನಕ್ಕೆ ಮಗನ ಮೈ ಪ್ರತಿ ಸಲವೂ ಕೆಂಪಾಗಿತ್ತು. ಮಗು ಅಲ್ಲೇ ಬಾಗಿಲ ಬಳಿ ಆಡಿಕೊಂಡಿರುತ್ತಿತ್ತು. ಪುಸ್ತಕದಲ್ಲಿ ತಾರೀಖುಗಳು ಪಕ್ಕಪಕ್ಕ ಇರದಿದ್ದರೆ ಇದು ಯಾರಿಗೂ ಹೊಳೆಯುತ್ತಿರಲಿಲ್ಲ. ಈಗ ತೊಳೆಯುವ ದಿನ ಅವನನ್ನು ನನ್ನ ತಂಗಿಯ ಮನೆಗೆ ಕಳಿಸುತ್ತೇನೆ. ಅವರೆಕಾಯಿಯನ್ನು ಹೊಟ್ಟೆ ತುಂಬ ತಿನ್ನುತ್ತಾನೆ.

ಆಹಾರದಿಂದ ಆಗುವುದೇ ಇಲ್ಲ ಅಂತ ತಿಳಿಯಬೇಡಿ. ತೀರಾ ಚಿಕ್ಕ ಮಕ್ಕಳಲ್ಲಿ, ಅದರಲ್ಲೂ ಇಸುಬು ಜೋರಾಗಿದ್ದರೆ, ಮೊಟ್ಟೆ, ಹಸುವಿನ ಹಾಲು, ಕಡಲೆಕಾಯಿ ಒಗ್ಗದೆ ಇರುವುದುಂಟು. ತಿಂದ ಸ್ವಲ್ಪ ಹೊತ್ತಿಗೇ ದದ್ದು, ತುಟಿ ಊತ, ವಾಂತಿ ಕಂಡರೆ ಡಾಕ್ಟರಿಗೆ ಹೇಳಿ ಪರೀಕ್ಷೆ ಮಾಡಿಸಿ. ಅನುಮಾನದ ಮೇಲೆ ನೀವೇ ಹಾಲು, ಮೊಟ್ಟೆ ಬಿಡಿಸಬೇಡಿ. ಬೆಳೆಯುವ ಮಗು, ಅದಕ್ಕೆ ನಷ್ಟ.

ನೀರಿನ ಬಗ್ಗೆ: ನಮ್ಮದು ಸಾವಿರ ಅಡಿ ದಾಟಿದ ಬೋರ್‌ವೆಲ್, ಗಡಸು ನೀರು, ಪಾತ್ರೆಯ ತಳಕ್ಕೆಲ್ಲ ಬಿಳಿ ಹೆಕ್ಕಳಿಕೆ ಕಟ್ಟುತ್ತೆ. ಈ ನೀರಿನಲ್ಲಿ ಸೋಪು ನೊರೆ ಬರುವುದಿಲ್ಲವೆಂದು ಇನ್ನಷ್ಟು ಉಜ್ಜುತ್ತೇವೆ, ಅದರ ಜಿಡ್ಡು ಮೈಮೇಲೆ ಉಳಿದು ಉರಿಸುತ್ತೆ. ಹಾಗಂತ ನೀರು ಮೆದು ಮಾಡುವ ಯಂತ್ರಕ್ಕೆ ಸಾಲ ಮಾಡಬೇಡಿ. ಇಂಗ್ಲೆಂಡಿನಲ್ಲಿ 336 ಮಕ್ಕಳ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಸುಬು ಈಗಾಗಲೇ ಇದ್ದ ಮಕ್ಕಳಿಗೆ ಆ ಯಂತ್ರದಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಸೋಪು ಕಡಿಮೆ ಮಾಡಿ. ಚರ್ಮ ಸಹಜವಾಗಿ ಸ್ವಲ್ಪ ಹುಳಿಯ ಗುಣದ್ದು, ಮಾಮೂಲು ಸೋಪು ಕ್ಷಾರ. ಉಗುರುಬೆಚ್ಚಗಿನ ನೀರು, ಹತ್ತು ನಿಮಿಷದ ಒಳಗೆ ಸ್ನಾನ, ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ತೇವ ಇರುವಾಗಲೇ ವಾಸನೆಯಿಲ್ಲದ ಮಾಯಿಶ್ಚರೈಸರ್ ಧಾರಾಳವಾಗಿ. ಡಾಕ್ಟರಮ್ಮನನ್ನು ಕೇಳಿ ನಾವು ಕೊಬ್ಬರಿ ಎಣ್ಣೆಯನ್ನೂ ಬಳಸುತ್ತೇವೆ, ಅವನಿಗೆ ಒಗ್ಗಿದೆ. ಬೇವು, ಅರಿಶಿನ ಅರೆದು ಒಡೆದ ಚರ್ಮಕ್ಕೆ ಹಚ್ಚಿದಾಗ ಮಾತ್ರ ಮಗು ಚೀರಿತ್ತು. ಅದನ್ನು ಮಾಡಬೇಡಿ.

ಮುಲಾಮಿನ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡದಿರಲಿ. ಚೀಟಿಯಿಲ್ಲದೆ ಔಷಧಿ ಅಂಗಡಿಯಲ್ಲಿ ಒಂದು ಟ್ಯೂಬು ತಂದೆ. ಎರಡೇ ದಿನಕ್ಕೆ ಕೆಂಪು ಇಳಿಯಿತು, ದೇವರು ಕಣ್ಣು ಬಿಟ್ಟ ಅಂದುಕೊಂಡೆ. ನಾಲ್ಕು ತಿಂಗಳು ಹಚ್ಚಿದ ಮೇಲೆ ಕೆನ್ನೆಯ ಚರ್ಮ ತೆಳುವಾಗಿ ನರಗಳು ಕಾಣತೊಡಗಿದವು. ಅದರಲ್ಲಿ ಜೋರಾದ ಸ್ಟೆರಾಯ್ಡ್, ಹುಳುಕಡ್ಡಿಯ ಔಷಧಿ, ಕೀವಿನ ಔಷಧಿ ಮೂರೂ ಬೆರೆತಿದ್ದವು. ಆಮೇಲೆ ಡಾಕ್ಟರಮ್ಮ ಕೊಟ್ಟದ್ದೂ ಸ್ಟೆರಾಯ್ಡೇ, ಆದರೆ ಮಗುವಿನ ಚರ್ಮಕ್ಕೆ ತಕ್ಕ ಸೌಮ್ಯವಾದದ್ದು, ಇಷ್ಟೇ ದಿನ ಎಂದು ಲೆಕ್ಕ ಹಾಕಿ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದಷ್ಟು ಮುಲಾಮು, ಬೆರಳುಗಳೂ ಸೇರಿ ದೊಡ್ಡವರ ಎರಡು ಅಂಗೈಯಗಲದ ಜಾಗಕ್ಕೆ ಸಾಕು. ಹೆದರಿ ಅರ್ಧಕ್ಕೆ ಬಿಡುವುದೂ ಬೇಡ, ನೀವೇ ಮುಂದುವರಿಸುವುದೂ ಬೇಡ. ನಿಮ್ಮ ಮಗಳಿಗೆ ಹಚ್ಚುತ್ತಿರುವ ಟ್ಯೂಬಿನ ಮೇಲೆ ಏನು ಬರೆದಿದೆ ಅಂತ ಇವತ್ತೇ ಡಾಕ್ಟರಿಗೆ ತೋರಿಸಿ. ಹಚ್ಚಿದಾಗ ಹೋಗಿ ಬಿಟ್ಟಾಗ ಬರುವುದು ಇಸುಬಿನ ಸ್ವಭಾವ ನಿಜ, ಆದರೆ ನಡುವಿನ ದಿನಗಳಲ್ಲಿ ಮಾಯಿಶ್ಚರೈಸರ್ ಹಚ್ಚುವುದನ್ನು ನಿಲ್ಲಿಸಿದ್ದರೆ ಇನ್ನೂ ಬೇಗ ಬರುತ್ತೆ.

ಹರಕೆಯೂ ಹೊತ್ತಿದ್ದೆವು, ವಿದುರಾಶ್ವತ್ಥದಲ್ಲಿ ನಾಗರಕಲ್ಲಿಗೆ ಹಾಲೆರೆದು ಬಂದೆವು. ಅದಕ್ಕೆ ನನಗೆ ಬೇಸರವಿಲ್ಲ. ನಾಗದೋಷ ಎಂದುಕೊಂಡು ಡಾಕ್ಟರ ಬಳಿ ಹೋಗುವುದನ್ನು ಎಂಟು ತಿಂಗಳು ಮುಂದೂಡಿದ್ದಕ್ಕೆ ಇದೆ.

ಎಲ್ಲ ಇಸುಬೂ ಒಂದೇ ಅಲ್ಲ ಅನ್ನುವುದಕ್ಕೆ ನಮ್ಮ ಮನೆಯಲ್ಲೇ ಸಾಕ್ಷಿಯಿದೆ. ನಮ್ಮ ಮಾವನವರಿಗೆ ಅರವತ್ತರ ಮೇಲೆ ಶುರುವಾಯಿತು, ಕಣ್ಣಿನ ರೆಪ್ಪೆ, ಕಿವಿಯ ಹಿಂದೆ, ಕುತ್ತಿಗೆ, ಮೊಣಕೈ ಮಡಿಕೆ. ಮಳೆಗಾಲದಲ್ಲಿ ನೋಡಲಾಗದಷ್ಟು. ಮೊಮ್ಮಗನದೇ ಅಂಟಿತು ಅಂದರು ಕೆಲವರು. ಇಸುಬು ಅಂಟುರೋಗವಲ್ಲ. ಬೆನ್ನಿಗೆ ಪಟ್ಟಿ ಅಂಟಿಸಿ 48 ಗಂಟೆ ಬಿಟ್ಟು ನೋಡುವ ಪ್ಯಾಚ್ ಟೆಸ್ಟಿನಲ್ಲಿ ಗೊತ್ತಾಯಿತು, ಅವರಿಗೆ ಆಗದಿದ್ದದ್ದು ಹೊಲದ ಬದುವಿನ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ. 1950ರ ದಶಕದಲ್ಲಿ ನಮ್ಮ ದೇಶದಲ್ಲಿ ಕಾಣಿಸಿಕೊಂಡ ಕಳೆ ಅದು. ವರ್ಷಾನುಗಟ್ಟಲೆ ಕಿತ್ತು ಕಿತ್ತು ಮೈ ಒಂದು ದಿನ ಅದರ ಮೇಲೆ ತಿರುಗಿಬೀಳುತ್ತೆ, ಆಮೇಲೆ ಗಾಳಿಯಲ್ಲಿ ಬರುವ ಅದರ ಪುಡಿಯೂ ಸಾಕು. ಅವರ ವಿಷಯದಲ್ಲಿ ಕೆರಳಿಸಿದ್ದೇ ಕಾರಣ, ಗಿಡದಿಂದ ದೂರವಾದಷ್ಟೂ ಅವರು ಸುಧಾರಿಸಿದರು. ಸಿಮೆಂಟಿನ ಕೆಲಸದವರ ಕೈಗೆ, ತಲೆಗೆ ಬಣ್ಣ ಹಚ್ಚುವವರ ಹಣೆಯಂಚಿಗೆ, ಸ್ಟಿಕ್ಕರ್ ಬಿಂದಿಯ ಗೋಂದಿನಿಂದ ಹುಬ್ಬುಗಳ ನಡುವೆ ಬರುವುದೂ ಈ ಬಗೆಯದೇ. ನಿಮ್ಮ ಮಗಳ ಲಕ್ಷಣ ಓದಿದರೆ ನನ್ನ ಮಗನ ಬಗೆಯ ಹಾಗೆ ಕಾಣುತ್ತೆ, ಆದರೂ ಹೇಳಬೇಕಾದವರು ಡಾಕ್ಟರು. ಕಜ್ಜಿ, ಹುಳುಕಡ್ಡಿಗಳನ್ನು ಕೂಡ ಜನ ಇಸುಬು ಅಂದುಬಿಡುತ್ತಾರೆ, ಅವುಗಳ ಔಷಧಿ ಬೇರೆ.

ಒಂದು ವಿಷಯದಲ್ಲಿ ತಡ ಮಾಡಬೇಡಿ. ಕೆರೆದ ಜಾಗ ಒಸರಿ ಹಳದಿ ಹೆಕ್ಕಳಿಕೆ ಕಟ್ಟಿದರೆ ಸೋಂಕು ತಗುಲಿದೆ ಅಂತ, ಬೇಗ ತೋರಿಸಿ. ಜ್ವರದ ಜೊತೆ, ಒಂದೇ ಅಳತೆಯ ಸಣ್ಣ ಸಣ್ಣ ಗುಳ್ಳೆಗಳು ಗುಂಪಾಗಿ ಎದ್ದು ನೋವಾದರೆ ಅದು ಸರ್ಪಸುತ್ತಿನ ಜಾತಿಗೆ ಸೇರಿದ ಹರ್ಪಿಸ್ ವೈರಾಣು ಇರಬಹುದು. ರಾತ್ರಿಯಾದರೂ ಸರಿ, ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮನೆಯಲ್ಲಿ ಯಾರಿಗಾದರೂ ತುಟಿಯ ಮೇಲೆ ಜ್ವರದ ಗುಳ್ಳೆ ಎದ್ದಿದ್ದರೆ ಅದು ಒಣಗುವ ತನಕ ಮಗಳಿಗೆ ಮುತ್ತು ಕೊಡದಿರಲಿ.