ಗೋಡೆ ಒಡೆಯಿರಿ, ಆದರೆ ಎಲ್ಲಾ ಅಲ್ಲ

ಪ್ರಶ್ನೆ: ಕಾಸರಗೋಡು ವಿದ್ಯಾನಗರದ ಕೋರ್ಟ್ ಹತ್ತಿರ ನಾವು ನಾಲ್ವರು ವಕೀಲರು ಸೇರಿ ಆಫೀಸು ಮಾಡುತ್ತಿದ್ದೇವೆ. ಗೋಡೆಗಳನ್ನೆಲ್ಲ ತೆಗೆದು ಒಂದೇ ಹಾಲ್ ಮಾಡಿದರೆ ಹೇಗೆ?

ಉತ್ತರ: ಜೂನಿಯರ್‌ಗಳ ಜೊತೆ ಕೂತು ಡ್ರಾಫ್ಟ್ ತಿದ್ದಲು ಒಂದು ಉದ್ದ ಮೇಜು ಒಳ್ಳೆಯದೇ. ಆದರೆ ಕಕ್ಷಿದಾರರು ಜಾಗದ ತಕರಾರೋ ಡೈವೋರ್ಸೋ ಹೇಳಿಕೊಳ್ಳುವಾಗ ಪಕ್ಕದ ಬೆಂಚಿನಲ್ಲಿ ಅವರ ಊರಿನವರೇ ಯಾರೋ ಕೂತಿರುತ್ತಾರೆ, ಅಲ್ವಾ? ಆ ಮಾತನ್ನು ಒಪ್ಪಿಗೆ ಇಲ್ಲದೆ ವಕೀಲರು ಹೊರಗೆ ಬಿಡಬಾರದು ಅಂತ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 132ನೇ ಸೆಕ್ಷನ್ನೇ ಹೇಳುತ್ತದೆ. ಹಾಗಾಗಿ ಎರಡು ಕೋಣೆಗಾದರೂ ಗೋಡೆ ಸೀಲಿಂಗ್ ತನಕ ಹೋಗಲಿ. ಅರ್ಧ ಎತ್ತರದ ಪ್ಲೈವುಡ್ ಪಾರ್ಟಿಷನ್ ಸುಮ್ನೆ ದುಡ್ಡು ದಂಡ, ಮಾತು ಮೇಲಿಂದ ದಾಟುತ್ತದೆ. ಬಾಗಿಲ ಕೆಳಗಿನ ಸಂದಿಗೂ ರಬ್ಬರ್ ಪಟ್ಟಿ ಹಾಕಿಸಿ.

ಮತ್ತೆ, ನಮ್ಮ ಮಳೆಗಾಲ ಗೊತ್ತಲ್ಲ. ಕಪಾಟನ್ನು ಹೊರಗೋಡೆಗೆ ಒತ್ತಿಸಿ ಇಟ್ಟರೆ ಆಟಿ ತಿಂಗಳು (ಜುಲೈ-ಆಗಸ್ಟ್) ಮುಗಿಯುವ ಮೊದಲೇ ಫೈಲಿಗೆಲ್ಲ ಬೂಷ್ಟು. ನಾಲ್ಕು ಬೆರಳು ಜಾಗ ಬಿಡಿ. ಬೋರ್ಡು ಕನ್ನಡದಲ್ಲೂ ಇರಲಿ!